ಸೋತವರ ಮತ

ನಮ್ಮೂರಿನಲ್ಲಿ ನ್ಯಾಯಾಧೀಶರನ್ನು ಜನರೇ ಆರಿಸುತ್ತಾರೆ. ಐದು ವರ್ಷಕ್ಕೊಮ್ಮೆ ಚುನಾವಣೆ. ಆದರೆ ಮತ ಹಾಕುವ ಹಕ್ಕು ಊರಿನ ಕೋರ್ಟಿನಲ್ಲಿ ಒಂದಾದರೂ ಕೇಸು ಸೋತವರಿಗೆ ಮಾತ್ರ. ಗೆದ್ದವರಿಗೆ ಇಲ್ಲ, ಕೋರ್ಟಿನ ಮೆಟ್ಟಿಲನ್ನೇ ಹತ್ತದವರಿಗಂತೂ ಇಲ್ಲವೇ ಇಲ್ಲ. ಸೋತ ಕೇಸನ್ನು ಮುಂದೆ ಎಂದಾದರೂ ಗೆದ್ದುಕೊಂಡರೆ ಆ ಮತವೂ ಹೋಗುತ್ತದೆ. ಹೀಗೇಕೆ ಎಂದು ಪರ ಊರಿನಿಂದ ಬಂದ ಬೀಗರು ಕೇಳುತ್ತಾರೆ. ನಾವು ಅವರ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ ಮಾತು ಬದಲಿಸುತ್ತೇವೆ.

ಮತ ಇದ್ದವರಿಗೆ ಊರಿನಲ್ಲಿ ಮರ್ಯಾದೆ ಹೆಚ್ಚು. ಹೆಣ್ಣು ಕೊಡುವವರು ಹುಡುಗನಿಗೆ ನೌಕರಿ ಇದೆಯೇ ಎಂದು ವಿಚಾರಿಸಿದ ಮೇಲೆ ಏನಾದರೂ ಸೋತಿದ್ದಾನೆಯೇ ಎಂದೂ ಕೇಳುತ್ತಾರೆ. ಕ್ಷೌರದ ಅಂಗಡಿಯಲ್ಲಿ ಸೋತವರಿಗೆ ಮೊದಲ ಕುರ್ಚಿ. ಅಣ್ಣತಮ್ಮಂದಿರು ನಗುನಗುತ್ತಾ ಆಸ್ತಿ ಪಾಲು ಮಾಡಿಕೊಂಡು, ಮನೆಯಲ್ಲಿ ಒಂದಾದರೂ ಮತ ಇರಲಿ ಎಂದು ಹಿತ್ತಲಿನ ನುಗ್ಗೆ ಮರವನ್ನು ಮಾತ್ರ ಪಾಲು ಮಾಡದೆ ಬಿಟ್ಟು ಅದರ ಮೇಲೆ ದಾವೆ ಹೂಡುತ್ತಾರೆ. ಗೆದ್ದವನು ಮುಖ ಸಣ್ಣದು ಮಾಡಿಕೊಂಡು ಮನೆಗೆ ಬರುತ್ತಾನೆ. ಅವನ ಹೆಂಡತಿ ವಾರಗಟ್ಟಲೆ ನುಗ್ಗೆಕಾಯಿ ಸಾರನ್ನೇ ಬಡಿಸಿ ಸೇಡು ತೀರಿಸಿಕೊಳ್ಳುತ್ತಾಳೆ.

ನಾನು ಪ್ರಹ್ಲಾದ ಹುದ್ದಾರ, ವಕೀಲ. ನನ್ನ ಕಕ್ಷಿದಾರರು ಸಾಮಾನ್ಯವಾಗಿ ಸೋಲುತ್ತಾರೆ. ಬೇರೆ ಊರಾಗಿದ್ದರೆ ನಾನು ಎಂದೋ ಕರಿ ಕೋಟು ಮಾರಿ ಕಿರಾಣಿ ಅಂಗಡಿ ಇಡಬೇಕಾಗುತ್ತಿತ್ತು. ಇಲ್ಲಿ ಹಾಗಲ್ಲ. ಎರಡು ಓಣಿಗಳ ಜನಕ್ಕೆ ಮತದ ಹಕ್ಕು ಬಂದದ್ದೇ ನನ್ನಿಂದ. ಚುನಾವಣೆ ಬಂತೆಂದರೆ ಉಮೇದುವಾರರು ನನ್ನ ಮನೆ ಮುಂದೆ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ. ಬೇಕಂತಲೇ ಸೋಲುತ್ತೇನೆ ಎಂದು ಯಾರೂ ತಿಳಿಯಬಾರದು. ನಾನು ಓದುತ್ತೇನೆ, ಸಾಕ್ಷಿಗಳನ್ನು ಸಿದ್ಧ ಮಾಡುತ್ತೇನೆ, ಬೆವರುತ್ತೇನೆ. ಎದ್ದು ನಿಂತು ಬಾಯಿ ತೆರೆದೆನೆಂದರೆ ಕೇಸು ತಾನಾಗಿ ಆಚೆ ಕಡೆಗೆ ಜಾರುತ್ತದೆ. ನನ್ನ ತಂದೆಯೂ ವಕೀಲರೇ, ಅವರೂ ಸೋಲುತ್ತಿದ್ದರು. ಆದರೆ ಅವರ ಸೋಲಿನಲ್ಲಿ ಒಂದು ನೇಮ ಇರಲಿಲ್ಲ.

ಈಗ ಹೇಳಹೊರಟಿರುವುದು ನ್ಯಾಯಾಧೀಶ ಮುರಿಗೆಪ್ಪ ತೋರಗಲ್ಲರ ವಿಷಯ. ಅವರೂ ಮೊದಲು ವಕೀಲರಾಗಿದ್ದರು. ಕಕ್ಷಿದಾರರು ಬಂದು ಕೂತು ತಮ್ಮ ಕಥೆ ಹೇಳಿ ಮುಗಿಸಿದರೆ, ತಪ್ಪು ನಿನ್ನದೇ ಎಂದು ಮುಖದ ಮೇಲೆ ಹೇಳಿ ಕಳಿಸುತ್ತಿದ್ದರು. ಹೀಗಾಗಿ ಅವರ ಬಳಿ ಯಾರೂ ಎರಡನೇ ಸಲ ಬರುತ್ತಿರಲಿಲ್ಲ. ಮಾಡಲು ಬೇರೆ ಕೆಲಸವಿಲ್ಲದೆ ಚುನಾವಣೆಗೆ ನಿಂತರು. ಆ ಸಲ ಎದುರಾಳಿ ಪ್ರಚಾರ ಸಭೆಯಲ್ಲಿ, ತಾನು ಜೀವನದಲ್ಲಿ ಒಂದೂ ಕೇಸು ಸೋತಿಲ್ಲ ಎಂದು ಜಂಬ ಕೊಚ್ಚಿಕೊಂಡ. ಸೋತವರೆಲ್ಲ ಅಲ್ಲಿಂದೆದ್ದು ಬಂದು ತೋರಗಲ್ಲರಿಗೆ ಮತ ಹಾಕಿದರು.

ಕುರ್ಚಿಯ ಮೇಲೆ ಕೂತ ಮೇಲೆ ಅವರು ಒಂದು ರೂಢಿ ಮಾಡಿಕೊಂಡರು. ತೀರ್ಪು ಓದಿ ಮುಗಿಸಿದ ಮೇಲೆ ಪೀಠದಿಂದ ಕೆಳಗಿಳಿದು ಬರುವುದು, ಸೋತವನ ಹೆಗಲ ಮೇಲೆ ಕೈಯಿಟ್ಟು ಹಿಂದಿನ ಪಡಸಾಲೆಗೆ ಕರೆದುಕೊಂಡು ಹೋಗುವುದು, ಕ್ಯಾಂಟೀನಿನಿಂದ ಚಹಾ ತರಿಸುವುದು, ಯಾಕೆ ಸೋತೆ ಎಂಬುದನ್ನು ತಿಳಿಸಿ ಹೇಳುವುದು. ಕಾನೂನಿನ ಕಲಮು ಗಿಲಮು ಏನೂ ಇಲ್ಲ. ಸಿಂಪಿಗನಿಗೆ ಬಟ್ಟೆಯ ಲೆಕ್ಕದಲ್ಲಿ, ಎಮ್ಮೆ ಕಟ್ಟಿದವಳಿಗೆ ಎಮ್ಮೆಯ ಲೆಕ್ಕದಲ್ಲಿ ಹೇಳುತ್ತಿದ್ದರು. ಹೌದ್ರಿ, ನಾ ಸೋಲಬೇಕಾಗಿತ್ತು ಎಂದು ಸೋತವನೇ ಬಾಯಿಬಿಟ್ಟು ಹೇಳುವ ತನಕ ಬಿಡುತ್ತಿರಲಿಲ್ಲ. ಬಸ್ಸು ತಪ್ಪುತ್ತದೆಂದು ಬೇಗ ಹೇಳಿ ಓಡಿದವರೂ ಇದ್ದಾರೆ. ಗೆದ್ದವರ ಕಡೆಗೆ ಮಾತ್ರ ತಿರುಗಿಯೂ ನೋಡುತ್ತಿರಲಿಲ್ಲ. ಗೆದ್ದವರು ತಮ್ಮ ಗೆಲುವನ್ನು ಬಗಲಲ್ಲಿಟ್ಟುಕೊಂಡು ಸುಮ್ಮನೆ ಮನೆಗೆ ಹೋಗುತ್ತಿದ್ದರು.

ಅವರನ್ನು ದೇವರಂಥ ಮನುಷ್ಯ ಎಂದು ಹೇಳಲಾರೆ. ಮೀಸೆಗೆ ಬಣ್ಣ ಹಚ್ಚುತ್ತಿದ್ದರು, ಚುನಾವಣೆಯ ವರ್ಷ ಎರಡು ಸಲ. ಮಾಲೆ ಹಾಕಿಸಿಕೊಳ್ಳುವಾಗ ಕುತ್ತಿಗೆಯನ್ನು ಬೇಕಾದ್ದಕ್ಕಿಂತ ಮುಂಚೆಯೇ ಬಗ್ಗಿಸುತ್ತಿದ್ದರು. ಆದರೂ ಮೂರು ಸಲ ಆರಿಸಿ ಬಂದರು, ಮೂರೂ ಸಲ ಅವರ ಚುನಾವಣಾ ಏಜೆಂಟನಾಗಿ ಓಡಾಡಿದವನು ನಾನು.

ನಾಲ್ಕನೇ ಚುನಾವಣೆಗೆ ಎದುರು ನಿಂತವರು ಫಕೀರೇಶ ಬಾಗೇವಾಡಿ. ಇವರೂ ವಕೀಲರೇ, ಬಾಯಿ ತುಂಬ ಎಲೆಯಡಿಕೆ, ಎಲ್ಲರನ್ನೂ ಕಾಕಾ, ಮಾಮಾ ಎನ್ನುವ ಮನುಷ್ಯ. ತಾನು ಆರಿಸಿ ಬಂದರೆ ಸೋತವರಿಗೆಲ್ಲ ಮರುವಿಚಾರಣೆ, ಮರುವಿಚಾರಣೆಯಲ್ಲಿ ಎಲ್ಲರಿಗೂ ಗೆಲುವು ಎಂದು ಅವರು ಓಣಿ ಓಣಿಯಲ್ಲಿ ಹೇಳಿಕೊಂಡು ಬಂದರು. ಇದಕ್ಕೆ ನಮ್ಮ ಕಡೆ ಉತ್ತರವೇ ಇರಲಿಲ್ಲ. ನೀವು ಸೋತದ್ದು ಸರಿಯಾಗಿಯೇ ಇತ್ತು ಎಂದು ಹೇಳಿ ಎಷ್ಟು ಮತ ಕೇಳಲು ಬರುತ್ತದೆ? ನನ್ನ ಖಾಯಂ ಜನರೇ ನನ್ನನ್ನು ಕಂಡರೆ ಆಚೆ ಓಣಿಗೆ ತಿರುಗತೊಡಗಿದರು. ಎರಡೂ ಕಡೆ ಸಮ ಸಮ ಎಂಬ ಪರಿಸ್ಥಿತಿ ಬಂತು.

ಇಂಥ ಹೊತ್ತಿನಲ್ಲಿ ಕಾಶವ್ವ ಮುಗಳಿಯ ಕೇಸು ವಿಚಾರಣೆಗೆ ಬಂತು. ಕಾಶವ್ವ ಪೇಟೆ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಕಣ್ಣರೆಪ್ಪೆಯಿಂದ ಕುಬುಸದ ತನಕ ಯಾವಾಗಲೂ ಜೋಳದ ಹಿಟ್ಟಿನ ಬಿಳುಪು. ಗಂಡ ಲಾರಿ ಹೊಡೆದು ದುಡಿದು ಆ ಗಿರಣಿ ಹಾಕಿಸಿದ್ದ. ಅವನು ಸತ್ತ ಮೇಲೆ ಅವನ ಅಣ್ಣ ಯಮನಪ್ಪ, ಗಿರಣಿ ಇಡೀ ಮುಗಳಿ ಮನೆತನದ್ದು ಎಂದು ಬೀಗ ಜಡಿದ. ಕಾಶವ್ವ ದಾವೆ ಹೂಡಿದಳು. ನಮ್ಮೂರಿನ ಪದ್ಧತಿಯಂತೆ ಮನೆತನದ ಪ್ರತಿಯೊಬ್ಬರೂ ಪ್ರತಿವಾದಿಗಳಾಗಿ ಹೆಸರು ಬರೆಸಿದರು. ಗೆದ್ದರೆ ಗಿರಣಿಯಲ್ಲಿ ಪಾಲು, ಸೋತರೆ ಮತ, ಎರಡೂ ಲಾಭವೇ. ಹೀಗೆ ಒಬ್ಬ ಹೆಣ್ಣುಮಗಳ ಎದುರು ಅರವತ್ತು ಚಿಲ್ಲರೆ ಜನ ನಿಂತರು. ಕೋರ್ಟಿನ ಬೆಂಚು ಸಾಲದೆ ಅರ್ಧ ಜನ ಹೊರಗೆ ಬೇವಿನ ಮರದ ಕೆಳಗೆ ಕೂರುತ್ತಿದ್ದರು. ಕಾಶವ್ವನ ವಕೀಲ ನಾನು.

ಕೇಸಿನ ಹಿಂದಿರುವ ಲೆಕ್ಕ ನನಗೆ ಗೊತ್ತಾಗಲು ತಡವಾಗಲಿಲ್ಲ. ಕಾಶವ್ವ ಸೋತರೆ ತೋರಗಲ್ಲರ ವಿರುದ್ಧ ಒಂದು ಮತ ಹುಟ್ಟುತ್ತದೆ. ಅವಳು ಗೆದ್ದರೆ ಒಂದೇ ಏಟಿಗೆ ಅರವತ್ತು ಚಿಲ್ಲರೆ. ಸೋಲುವುದು ನನಗೆ ಹೇಗೂ ಅಭ್ಯಾಸವಿದ್ದ ಕೆಲಸ. ಆದರೂ ಕಕ್ಷಿದಾರಳ ಮನಸ್ಸು ತಿಳಿಯಬೇಕೆಂದು ಕಾಶವ್ವನನ್ನು ಕೂರಿಸಿಕೊಂಡು, ಸೋತರೆ ನಿನಗೂ ಮತ ಬರುತ್ತದೆ, ಊರಿನಲ್ಲಿ ಬೆಲೆ ಬರುತ್ತದೆ, ಕ್ಷೌರದ ಅಂಗಡಿಯ ಮಾತು ಬಿಡು, ಕಿರಾಣಿಯವನೂ ಮೊದಲು ನಿನಗೇ ತೂಗುತ್ತಾನೆ ಎಂದೆಲ್ಲ ಹೇಳಿದೆ. ಅವಳು ಕೊನೆಯ ತನಕ ಕೇಳಿಸಿಕೊಂಡಳು.

"ವೋಟ್ ತಗೊಂಡು ಒಲಿಗೆ ಹಾಕ್ಲೇನ್ರಿ?" ಎಂದಳು. "ನನಗ ಗಿರಣಿ ಬೇಕು."

ನಾನು ಪ್ರಾಮಾಣಿಕವಾಗಿಯೇ ವಾದ ಮಾಡಿದೆ, ಅಂದರೆ ಎಂದಿನಂತೆ ಕೇಸು ಜಾರತೊಡಗಿತು. ಯಮನಪ್ಪ ಕಟಕಟೆಯಲ್ಲಿ ನಿಂತು, ತಮ್ಮನದು ಬರೀ ಹೆಸರು, ಗಿರಣಿ ಮೊದಲಿನಿಂದಲೂ ನಮ್ಮೆಲ್ಲರದು ಎಂದು ಗಟ್ಟಿಯಾಗಿ ಹೇಳಿದ. ನನಗೆ ಕೇಳಲು ಏನೂ ಹೊಳೆಯಲಿಲ್ಲ. ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲ ಎಂದು, ಮನೆಯ ಜೋಳವನ್ನು ಎಲ್ಲಿ ಬೀಸಿಸುತ್ತಿದ್ದಿರಿ ಎಂದು ಕೇಳಿದೆ. ಅಲ್ಲೇ ಬೀಸಿಸುತ್ತಿದ್ದೆವು ಎಂದ. ಪುಕ್ಕಟೆ ಬೀಸಿಸುತ್ತಿದ್ದಿರೋ ಎಂದು ಕೇಳಿದ್ದು ಕೂಡ ಮಾತಿಗೆ ಮಾತು ಸೇರಲಿ ಅಂತಲೇ. ಯಮನಪ್ಪನಿಗೆ ಸಿಟ್ಟು ಬಂತು.

"ನಾವೇನು ಭಿಕಾರಿಗಳೇನ್ರಿ? ಪ್ರತಿ ಸಲ ಬೀಸೂ ಕೂಲಿ ತಮ್ಮನ ಕೈಯಾಗ ಇಟ್ಟಽ ಬಂದೇವಿ. ಒಬ್ಬರೂ ಒಂದು ಹಿಡಿ ಹಿಟ್ಟು ಪುಕ್ಕಟೆ ಒಯ್ದಿಲ್ಲ, ಬೇಕಾದ್ರ ಹೊರಗ ಕೂತವರನ್ನೂ ಕೇಳ್ರಿ."

ಮರದ ಕೆಳಗೆ ಕೂತವರೂ ಹೌದೌದು ಎಂದು ಕೂಗಿದರು. ತಮ್ಮದೇ ಗಿರಣಿಯಲ್ಲಿ ಯಾರು ಕೂಲಿ ಕೊಟ್ಟು ಬೀಸಿಸುತ್ತಾರೆ? ತೋರಗಲ್ಲರು ತಲೆಯೆತ್ತಿ ಮೊದಲು ಯಮನಪ್ಪನನ್ನು, ಆಮೇಲೆ ನನ್ನನ್ನು ನೋಡಿದರು. ಆ ನೋಟದಲ್ಲಿ ಮೆಚ್ಚುಗೆ ಇತ್ತೋ ಮರುಕ ಇತ್ತೋ ಹೇಳಲಾರೆ. ಕೇಸು ಗೆಲ್ಲುವ ಸ್ಥಿತಿಗೆ ಬಂದದ್ದು ಗೊತ್ತಾಗಿ ನಾನು ಕಾಗದ ಮಡಚಿಕೊಂಡು ಕೂತುಬಿಟ್ಟೆ.

ಸಂಜೆ ಅವರ ಮನೆಗೆ ಹೋದೆ. ತೋರಗಲ್ಲರು ತೂಗುಮಣೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ನಾನು ಸುತ್ತಿ ಬಳಸಿ ಮತದ ಲೆಕ್ಕ ಮುಂದಿಟ್ಟೆ. ಮುಗಳಿ ಮನೆತನ ಸೋತರೆ ಚುನಾವಣೆ ಹೋದಂತೆಯೇ, ತೀರ್ಪನ್ನಾದರೂ ಚುನಾವಣೆಯ ಆಚೆಗೆ ತಳ್ಳಬೇಕು ಎಂದೆ. ಅವರು ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಹುದ್ದಾರ, ನೀವು ಯಾರ ಕಡೆ ವಕೀಲರು?"

ಕಾಶವ್ವನ ಕಡೆ ಎಂದೆ.

"ಅಂದ್ರ ನಿಮ್ಮ ಕಕ್ಷಿದಾರಳಿಗೆ ಗಿರಣಿ ಕೊಡಬ್ಯಾಡ್ರಿ ಅಂತ ಹೇಳಾಕ ಬಂದೀರಿ."

ಈಗ ಬಂದಿರುವುದು ವಕೀಲನಾಗಿ ಅಲ್ಲ, ಏಜೆಂಟನಾಗಿ ಎಂದು ಸಮಜಾಯಿಷಿ ಕೊಟ್ಟೆ.

"ಇಬ್ಬರೂ ಒಂದಽ ಕೋಟು ಹಾಕ್ಕೊಂಡು ಬಂದೀರಿ," ಎಂದು ಅವರು ನನ್ನ ಕೈಗೆ ಒಂದಿಷ್ಟು ಕಾಳು ಸುರಿದರು. "ಬೀಗ ಬಿದ್ದ ಗಿರಣಿ ಒಂದೊಂದು ದಿನಾನೂ ತುಕ್ಕು ಹಿಡೀತದ. ನನ್ನ ಚುನಾವಣಿಗೆ ಅದು ಕಾಯೂದಿಲ್ಲ."

ಒಳಗಿನಿಂದ ಅವರ ಹೆಂಡತಿ ಶಾರದಕ್ಕ ಬಂದು ಬಾಗಿಲಿಗೆ ಒರಗಿ ನಿಂತರು. ಅವರ ಚಿಂತೆಯೇ ಬೇರೆ. ಇವರು ಸೋತು ಮನೆಯಲ್ಲಿ ಕೂತರೆ ದಿನಕ್ಕೆರಡು ಸಲ ನನ್ನ ಅಡುಗೆಗೆ ತೀರ್ಪು ಕೊಡುತ್ತಾರೆ, ಅದಕ್ಕೆ ಮೇಲ್ಮನವಿ ಎಲ್ಲಿ ಹಾಕುವುದು ಎಂದು ನನ್ನನ್ನು ಕೇಳಿದರು. ತೋರಗಲ್ಲರು ನಕ್ಕರು. ಆದರೆ ನಾನು ಮೆಟ್ಟಿಲಿಳಿದು ತಿರುಗಿ ನೋಡಿದಾಗ ಕಾಳನ್ನೆಲ್ಲ ಕೆಳಗೆ ಚೆಲ್ಲಿ ಸಿಪ್ಪೆಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಚುನಾವಣೆಗೆ ಒಂದು ವಾರವಿದೆ ಎನ್ನುವಾಗ ತೀರ್ಪು ಬಂತು. ಗಿರಣಿ ಕಾಶವ್ವನದು. ತೋರಗಲ್ಲರು ರೂಢಿಯಂತೆ ಪೀಠದಿಂದಿಳಿದು ಮುಗಳಿ ಮನೆತನವನ್ನೆಲ್ಲ ಪಡಸಾಲೆಗೆ ಕರೆದರು. ಪಡಸಾಲೆ ಸಾಲದೆ ಮರದ ಕೆಳಗೇ ಹೋದರು. ಕ್ಯಾಂಟೀನಿನಲ್ಲಿ ಹಾಲು ಮುಗಿದು ಕರಿ ಚಹಾ ಬಂತು. ಒಬ್ಬೊಬ್ಬರ ಮುಂದೆಯೂ ಕುಕ್ಕರಗಾಲಲ್ಲಿ ಕೂತು, ನಿನ್ನ ಬಾಯಿಂದಲೇ ಕೂಲಿ ಕೊಟ್ಟೆ ಎಂದೆಯಲ್ಲ, ಕೂಲಿ ಕೊಟ್ಟವನು ಗಿರಾಕಿಯೋ ಮಾಲೀಕನೋ ಎಂದು ಕೇಳಿದರು. ಗಿರಾಕಿ ಎಂದು ಎಲ್ಲರೂ ಒಪ್ಪಿಕೊಂಡರು. ಕೊನೆಗೆ ಯಮನಪ್ಪನ ಮುದಿ ಸೋದರತ್ತೆಯ ಸರದಿ. ಅವಳು ಪೂರ್ತಿ ಕೇಳಿ, ತಲೆದೂಗಿ, ನೀವು ಹೇಳಿದ್ದೆಲ್ಲ ಖರೆ, ಆದರೆ ನಮ್ಮ ಪಾಲಿನ ಗಿರಣಿ ಯಾವಾಗ ಕೊಡುತ್ತೀರಿ ಎಂದಳು.

ಮತದಾನದ ದಿನ ಮುಗಳಿ ಮನೆತನ ಎರಡು ಟ್ರ್ಯಾಕ್ಟರುಗಳಲ್ಲಿ ಬಂದಿಳಿಯಿತು. ಹೊಸ ಮತದಾರರು, ಹೊಸ ಬಟ್ಟೆ ಹಾಕಿದ್ದರು. ತೋರಗಲ್ಲರು ಆ ಮನೆತನದ ಮತಗಳ ಅರ್ಧದಷ್ಟೂ ಇಲ್ಲದ ಅಂತರದಿಂದ ಸೋತರು. ಕಾಶವ್ವನಿಗೆ ಮತವಿಲ್ಲ, ಅವಳು ಗಿರಣಿಯಲ್ಲಿ ಬೀಸುತ್ತಲೇ ಇದ್ದಳು. ಬಾಗೇವಾಡಿಯವರ ಮೆರವಣಿಗೆ ಗಿರಣಿಯ ಮುಂದೆ ಹೋದಾಗ ಅವಳು ಯಂತ್ರ ನಿಲ್ಲಿಸಲಿಲ್ಲವೆಂದೂ, ಬ್ಯಾಂಡಿನವರ ಕರಿ ಟೋಪಿಗಳ ಮೇಲೆಲ್ಲ ಹಿಟ್ಟು ಕೂತಿತೆಂದೂ ಆಮೇಲೆ ಕೇಳಿದೆ.

ಬಾಗೇವಾಡಿಯವರು ಕೆಟ್ಟವರೇನಲ್ಲ, ಕೊಟ್ಟ ಮಾತು ಉಳಿಸಿಕೊಂಡರು. ಸೋತವರೆಲ್ಲ ಸಾಲಾಗಿ ಬಂದರು, ಅವರು ಸಾಲಾಗಿ ಗೆಲ್ಲಿಸಿದರು. ಬೆಳಿಗ್ಗೆ ಒಂದು ಬಾವಿ ಕೈ ಬದಲಿಸಿದರೆ ಮಧ್ಯಾಹ್ನ ಒಂದು ಗೋಡೆ. ನುಗ್ಗೆ ಮರಗಳು ಬೇಲಿಯ ಈ ಕಡೆಯಿಂದ ಆ ಕಡೆಗೆ ಹೋದವು. ಯಮನಪ್ಪನೂ ಮರುವಿಚಾರಣೆಗೆ ಬಂದ. ಕಾಶವ್ವನ ಪರವಾಗಿ ಈ ಸಲ ಎದ್ದು ನಿಂತವರು ತೋರಗಲ್ಲರೇ. ಹರೆಯದಲ್ಲಿ ಹೊಲಿಸಿದ ಕರಿ ಕೋಟಿನ ಗುಂಡಿ ಹಾಕಲು ಬರುತ್ತಿರಲಿಲ್ಲ. ಪಕ್ಕದಲ್ಲಿ ನಾನು ಕಿರಿಯ ವಕೀಲನಂತೆ ಪುಸ್ತಕ ಹೊತ್ತು ನಿಂತಿದ್ದೆ. ಅವರು ತಮ್ಮದೇ ಹಳೆಯ ತೀರ್ಪನ್ನು ಓದಿ ಹೇಳಿದರು. ಬಾಗೇವಾಡಿಯವರು ಬಹಳ ವಿನಯದಿಂದ, ಹಿಂದಿನ ಸಾಹೇಬರಿಗೆ ಕಾನೂನು ಅಷ್ಟಾಗಿ ತಿಳಿದಿರಲಿಲ್ಲ ಎಂದು ಕಾಣುತ್ತದೆ ಎಂದು ಹೇಳಿ ಗಿರಣಿಯನ್ನು ಯಮನಪ್ಪನಿಗೆ ಕೊಟ್ಟರು.

ನಾವು ಮೂವರೂ ಹೊರಗೆ ಬಂದೆವು. ತೋರಗಲ್ಲರು ಮೆಟ್ಟಿಲ ಮೇಲೆ ನಿಂತರು. ಊರಿನ ಸೋತವರಿಗೆಲ್ಲ ಅವರವರ ಭಾಷೆಯಲ್ಲಿ ಸೋಲನ್ನು ತಿಳಿಸಿ ಹೇಳಿದ ಮನುಷ್ಯ ರೂಢಿಯಂತೆ ಕಾಶವ್ವನ ಕಡೆ ತಿರುಗಿದರು.

"ಇದು ಯಾಕ ಹಿಂಗಾತು ಅಂತ ಹೇಳಾಕ ನನಗ ಬರವಲ್ದು, ಕಾಶವ್ವ."

"ಹೇಳಬ್ಯಾಡ್ರಿ," ಎಂದಳು ಅವಳು. "ಹೇಳಿದ್ರ ನಾ ಎಲ್ಲಿ ಒಪ್ಕೊಂಡು ಬಿಡ್ತೀನೋ ಅಂತ ಅಂಜಿಕಿ."

ಅವರು ಕನ್ನಡಕ ತೆಗೆದು ಕೋಟಿನ ತುದಿಯಿಂದ ಬಹಳ ಹೊತ್ತು ಒರೆಸಿದರು. ಕಾಶವ್ವ ಗಿರಣಿಯ ಕೀಲಿಯನ್ನು ಯಮನಪ್ಪನ ಕೈಗೆ ಕೊಡದೆ ಅವನ ಕಾಲ ಬಳಿ ಇಟ್ಟು, ಕೂಲಿ ಕೆಲಸ ಹುಡುಕಿಕೊಂಡು ಹೋದಳು.

ಮುಗಳಿಯವರಿಗೆ ಗಿರಣಿ ನಡೆಸಲು ಬರಲಿಲ್ಲ. ಮಾಲೀಕರೇ ಅಷ್ಟೊಂದು ಜನ, ಎಲ್ಲರ ಜೋಳವೂ ಮೊದಲು ಬೀಸಬೇಕು. ಒಮ್ಮೆ ಮೆಣಸಿನಕಾಯಿ ಬೀಸಿದ ಮೇಲೆ ಕಲ್ಲು ಒರೆಸದೆ ಗೋಧಿ ಹಾಕಿದರು. ಆ ವಾರ ಪೇಟೆ ಓಣಿಯ ಮದುವೆಯೊಂದರಲ್ಲಿ ಹೋಳಿಗೆ ತಿಂದ ಬೀಗರು ಕಣ್ಣೀರಿಟ್ಟರು, ಹೆಣ್ಣನ್ನು ಕಳಿಸುವ ದುಃಖ ಎಂದು ಜನ ಭಾವಿಸಿದರು. ಕೊನೆಗೆ ಯಂತ್ರದ ಬೆಲ್ಟು ಹರಿಯಿತು. ಹೊಸದನ್ನು ಯಾರು ಕೊಳ್ಳಬೇಕು ಎಂಬ ಜಗಳದಲ್ಲಿ ಗಿರಣಿ ಮುಚ್ಚಿತು. ಊರಿನವರು ಹಿಟ್ಟಿಗಾಗಿ ಹೊಳೆಯಾಚೆಯ ಊರಿಗೆ ಹೋಗತೊಡಗಿದರು.

ಐದು ವರ್ಷ ಮುಗಿಯುತ್ತ ಬಂದಾಗ ಕೋರ್ಟಿನ ಗೋಡೆಗೆ ಮತದಾರರ ಹೆಸರು ಅಂಟಿಸಿದರು. ಅಂದು ಬಾಗೇವಾಡಿಯವರ ಬಾಯಲ್ಲಿದ್ದ ಎಲೆಯಡಿಕೆ ಹಾಗೆಯೇ ನಿಂತಿತಂತೆ. ಅವರು ಗೆಲ್ಲಿಸಿದವರ ಹೆಸರು ಒಂದೂ ಇರಲಿಲ್ಲ. ಗೆದ್ದಿದ್ದರಲ್ಲ, ಮತ ಹೋಗಿತ್ತು. ಅಲ್ಲಿದ್ದದ್ದು ತೋರಗಲ್ಲರ ಕಾಲದಲ್ಲಿ ಗೆದ್ದು ಬಾಗೇವಾಡಿಯವರ ಕಾಲದಲ್ಲಿ ಕಳೆದುಕೊಂಡವರ ಹೆಸರು. ಬಾವಿ ಹೋದವರು, ಗೋಡೆ ಹೋದವರು, ಗಿರಣಿ ಹೋದ ಕಾಶವ್ವ. ಈ ಲೆಕ್ಕ ಅವರಿಗೆ ಅಷ್ಟು ದಿನ ಹೊಳೆದಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೊಳೆದಿರಲಿಲ್ಲ.

ಎಲ್ಲರೂ ತೋರಗಲ್ಲರ ಮನೆಗೆ ಹೋಗಿ, ಚುನಾವಣೆಗೆ ನಿಲ್ಲಬೇಕೆಂದು ಅವರಿಗೆ ಹೇಳಿದರು. ಶಾರದಕ್ಕನ ಒತ್ತಾಯ ಎಲ್ಲರಿಗಿಂತ ಜೋರಾಗಿತ್ತು. ತೋರಗಲ್ಲರಿಗೂ ಆಸೆಯಿತ್ತು, ಮೀಸೆಯ ಬಣ್ಣ ನೋಡಿಯೇ ತಿಳಿದೆ. ಆದರೆ ಅವರು ಕಾಶವ್ವನನ್ನು ಕರೆಸಿ ಒಂದು ಮಾತು ಹೇಳಿದರು. ನಿನ್ನ ವಕೀಲನಾಗಿ ನಿಂತವನು ನಾನು, ನ್ಯಾಯಾಧೀಶನಾದರೆ ನಿನ್ನ ಕೇಸನ್ನು ನಾನು ಮುಟ್ಟುವ ಹಾಗಿಲ್ಲ, ಬೇರೆ ಊರಿಗೆ ಕಳಿಸಬೇಕಾಗುತ್ತದೆ. ಹೊರಗಿದ್ದರೆ ವಕೀಲನಾಗಿ ಕೊನೆಯ ತನಕ ಬಡಿದಾಡಬಲ್ಲೆ. ನೀನು ಬೇಡವೆಂದರೆ ನಿಲ್ಲುವುದಿಲ್ಲ ಎಂದರು. ಅದನ್ನು ಹೇಳುವಾಗ ಅವರ ದನಿ ಸ್ವಲ್ಪ ಸಣ್ಣದಾಗಿತ್ತು.

ಕಾಶವ್ವ ನನ್ನ ಕಡೆ ನೋಡಿದಳು.

"ನೀವು ಕುರ್ಚಿ ಮ್ಯಾಲ ಕೂತ್ರ ನನಗ ಉಳಿಯೂ ವಕೀಲರು ಇವರೊಬ್ಬರ," ಎಂದಳು. "ಅದೊಂದಽ ನನಗ ಚಿಂತಿ. ಇರಲಿ, ನಿಲ್ರಿ. ಇವರನ್ನ ಹೆಂಗಾರ ಸಂಭಾಳಿಸ್ತೀನಿ."

ತೋರಗಲ್ಲರು ಭಾರೀ ಅಂತರದಿಂದ ಆರಿಸಿ ಬಂದರು. ಬಾವಿ, ಗೋಡೆಗಳ ಕೇಸುಗಳನ್ನು ಅವರು ಒಂದೊಂದಾಗಿ ಮತ್ತೆ ಕೇಳತೊಡಗಿದರು. ಅದು ಇನ್ನೂ ಮುಗಿದಿಲ್ಲ. ಗಿರಣಿಯ ಕೇಸು ಹೊಳೆಯಾಚೆಯ ಊರಿಗೆ ಹೋಯಿತು. ಅಲ್ಲಿ ನ್ಯಾಯಾಧೀಶರನ್ನು ಸರಕಾರ ನೇಮಿಸುತ್ತದೆ, ಯಾರೂ ಮತ ಹಾಕುವುದಿಲ್ಲ. ತೀರಾ ಚಿಕ್ಕ ವಯಸ್ಸಿನ ಹೆಣ್ಣುಮಗಳು ಪೀಠದ ಮೇಲೆ ಕೂತಿದ್ದಳು. ಎರಡೂ ತೀರ್ಪುಗಳನ್ನು ಓದಿದಳು. ನಾನು ಎದ್ದು ನಿಲ್ಲಲು ಹೋದೆ, ಕಾಶವ್ವ ನನ್ನ ಕೋಟಿನ ಹಿಂಬದಿ ಹಿಡಿದು ಕೂರಿಸಿದಳು. ವಾದವಿಲ್ಲದೆಯೇ ಗಿರಣಿ ಕಾಶವ್ವನದಾಯಿತು. ನಮ್ಮ ರೂಢಿಯ ಪ್ರಕಾರ ಆ ನ್ಯಾಯಾಧೀಶೆ ಕೆಳಗಿಳಿದು ಬಂದು ಚಹಾ ತರಿಸುತ್ತಾಳೆಂದು ಮುಗಳಿಯವರು ಬಹಳ ಹೊತ್ತು ಕಾದರು. ಅವಳು ಮುಂದಿನ ಕೇಸು ಕರೆದಳು.

ಹಿಂದಿರುಗುವಾಗ ಎಲ್ಲರೂ ಒಂದೇ ಬಸ್ಸಿನಲ್ಲಿ ಬಂದೆವು. ಅವತ್ತು ಅದೊಂದೇ ಬಸ್ಸು. ಯಮನಪ್ಪ ನನ್ನ ಪಕ್ಕ ಕೂತಿದ್ದ. ಹೊಳೆ ದಾಟಿದ ಮೇಲೆ, ಅಲ್ಲಿ ಸೋತದ್ದಕ್ಕೆ ನಮ್ಮೂರಲ್ಲಿ ಮತ ಬರುತ್ತದೆಯೇ ಎಂದು ಮೆಲ್ಲಗೆ ಕೇಳಿದ. ಪರ ಊರಿನ ಕೋರ್ಟು, ಬರುವುದಿಲ್ಲ ಎಂದೆ. ಅವನ ಮುಖ ನೋಡಲಾಗಲಿಲ್ಲ. ಗಿರಣಿ ಹೋದದ್ದಕ್ಕೆ ಅಷ್ಟು ಬೇಜಾರು ಪಟ್ಟಿರಲಿಲ್ಲ.

"ಹಂಗಾದ್ರ ಸೋತಿದ್ದೂ ದಂಡ ಆತಲ್ರಿ," ಎಂದ. ಇನ್ನೊಂದಿಷ್ಟು ದೂರ ಹೋದ ಮೇಲೆ, ನಮ್ಮೂರ ಕೋರ್ಟಿನಲ್ಲಿ ಸೋಲುವಂಥ ಒಂದು ಕೇಸು ಹಾಕಿ ಕೊಡಿ, ಆ ಕೆಲಸ ನಿಮ್ಮಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲ ಎಂದು ನನ್ನನ್ನು ಕೇಳಿಕೊಂಡ. ಯಾರ ಮೇಲೆ ಹಾಕಬೇಕು ಎಂದೆ. ಅವನಿಗೆ ಯಾರೂ ಹೊಳೆಯಲಿಲ್ಲ.

ಮುಂದಿನ ಸೀಟಿನಲ್ಲಿದ್ದ ಕಾಶವ್ವ ತಿರುಗಿ ಕೂತಳು.

"ನನ್ನ ಮ್ಯಾಲಽ ಹಾಕ್ರಿ, ಭಾವಾರ," ಎಂದಳು. "ಆದ್ರ ಮಂಗಳವಾರ ಕರಸಬ್ಯಾಡ್ರಿ. ಅವತ್ತ ಗಿರಣಿಗೆ ಬೆಲ್ಟ್ ಹಾಕ್ಸೂದೈತಿ."